ನಂದಿಬೆಟ್ಟದಿಂದ ಥಿಂಪುವಿಗೆ: ಗಡಿ ದಾಟದ ಸೇವೆಗಳ ಕಥೆ

ಬೆಂಗಳೂರಿನ ಸುತ್ತಲಿನ ಗ್ರಾಮೀಣ ಪ್ರದೇಶಕ್ಕೆ 1986ನೇ ಇಸವಿ ಮರೆಯಲಾಗದ ವರ್ಷ. ಆ ವರ್ಷದ ಆಗಸ್ಟ್ 15ರಂದು ಹಳೆಯ ಬೆಂಗಳೂರು ಜಿಲ್ಲೆ ಇಬ್ಭಾಗವಾಗಿ ‘ಬೆಂಗಳೂರು ಗ್ರಾಮಾಂತರ’ ಎಂಬ ಹೊಸ ಜಿಲ್ಲೆ ಅಸ್ತಿತ್ವಕ್ಕೆ ಬಂತು. ಸೆಪ್ಟೆಂಬರ್ ತಿಂಗಳಲ್ಲಿ, ದೂರದ ಉರುಗ್ವೆ ದೇಶದ ಪುಂಟಾ ಡೆಲ್ ಎಸ್ಟೆ ಎಂಬ ಕಡಲತೀರದ ಊರಿನಲ್ಲಿ ಗ್ಯಾಟ್ ಒಪ್ಪಂದದ ಸದಸ್ಯ ರಾಷ್ಟ್ರಗಳು ಸೇರಿದವು. ಅದುವರೆಗೆ ಸರಕುಗಳಿಗೆ ಮಾತ್ರ ಸೀಮಿತವಾಗಿದ್ದ ವ್ಯಾಪಾರ ಮಾತುಕತೆಗೆ ಅಲ್ಲಿ ಮೊದಲ ಬಾರಿಗೆ ‘ಸೇವೆ’ಗಳನ್ನೂ ಸೇರಿಸಲಾಯಿತು. ನವೆಂಬರ್ 16 ಮತ್ತು 17ರಂದು ದಕ್ಷಿಣ ಏಷ್ಯದ ಏಳು ದೇಶಗಳ ಸಂಘಟನೆಯಾದ ಸಾರ್ಕ್‌ನ ಎರಡನೇ ಶೃಂಗಸಭೆ ಬೆಂಗಳೂರಿನಲ್ಲಿ ನಡೆಯಿತು. ನಾಯಕರ ಅನೌಪಚಾರಿಕ ಮಾತುಕತೆಗೆ ಆರಿಸಿದ ಸ್ಥಳ ದೇವನಹಳ್ಳಿಯ ಆಚೆಗಿನ ನಂದಿಬೆಟ್ಟ.

ಮೇಲುನೋಟಕ್ಕೆ ಈ ಮೂರು ಘಟನೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ನೆರೆಹೊರೆಯ ದೇಶಗಳ ನಡುವೆ ಸೇವೆಗಳ ವ್ಯಾಪಾರಕ್ಕೆ ಬಾಗಿಲು ತೆರೆಯುವ ಪ್ರಯತ್ನಗಳ ಇತಿಹಾಸವನ್ನು ಹುಡುಕಿಕೊಂಡು ಹೊರಟರೆ, ದಾರಿ ಮತ್ತೆ ಮತ್ತೆ ಇದೇ ದೇವನಹಳ್ಳಿಯ ರಸ್ತೆಗೆ ಬಂದು ಸೇರುತ್ತದೆ. ಮುಂದೆ 22 ವರ್ಷಗಳಲ್ಲಿ ಅದೇ ರಸ್ತೆಯ ಪಕ್ಕದಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಎದ್ದು ನಿಂತಿತು. ಜಗತ್ತಿನ ದೂರದ ಮೂಲೆಗಳಿಗೆ ಬಾಗಿಲು ತೆರೆಯಿತು. ನೆರೆಮನೆಯ ಬಾಗಿಲು ಮಾತ್ರ ಅರ್ಧ ತೆರೆದು ಅಲ್ಲೇ ನಿಂತಿದೆ.

ಸೇವೆ ಎಂಬ ಸರಕು

ಸರಕಿನ ವ್ಯಾಪಾರ ಎಲ್ಲರಿಗೂ ತಿಳಿದದ್ದು. ದೊಡ್ಡಬಳ್ಳಾಪುರದ ಮಗ್ಗದಲ್ಲಿ ನೇಯ್ದ ಸೀರೆ ಪೆಟ್ಟಿಗೆಯಲ್ಲಿ ತುಂಬಿ ಗಡಿ ದಾಟಿದರೆ ಅದು ರಫ್ತು. ಗಡಿಯಲ್ಲಿ ಅದನ್ನು ತೂಗಬಹುದು, ಎಣಿಸಬಹುದು, ಸುಂಕ ವಿಧಿಸಬಹುದು. ಆದರೆ ವೈದ್ಯನ ಚಿಕಿತ್ಸೆ, ಮೇಷ್ಟರ ಪಾಠ, ಎಂಜಿನಿಯರನ ಸಲಹೆ, ಬ್ಯಾಂಕಿನ ವ್ಯವಹಾರ, ಲಾರಿಯ ಸಾಗಣೆ ಇವುಗಳನ್ನು ಯಾವ ತಕ್ಕಡಿಯಲ್ಲಿ ತೂಗುವುದು?

1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆಯ ಜೊತೆಗೇ ಜಾರಿಗೆ ಬಂದ ‘ಗ್ಯಾಟ್ಸ್’ ಎಂಬ ಸೇವಾ ವ್ಯಾಪಾರದ ಒಪ್ಪಂದ ಇದಕ್ಕೆ ನಾಲ್ಕು ದಾರಿಗಳನ್ನು ಗುರುತಿಸಿತು. ಮೊದಲನೆಯದು, ಸೇವೆಯೇ ಗಡಿ ದಾಟುವುದು: ಬೆಂಗಳೂರಿನಲ್ಲಿ ಕುಳಿತು ಬರೆದ ತಂತ್ರಾಂಶ ತಂತಿ ಅಥವಾ ಉಪಗ್ರಹದ ಮೂಲಕ ಕೊಲಂಬೊಗೆ ಹೋದಂತೆ. ಎರಡನೆಯದು, ಸೇವೆ ಪಡೆಯುವವರೇ ಗಡಿ ದಾಟಿ ಬರುವುದು: ನೇಪಾಳದ ವಿದ್ಯಾರ್ಥಿ ಹೊಸಕೋಟೆಯ ಕಾಲೇಜಿಗೆ ಸೇರಿದಂತೆ, ಢಾಕಾದ ರೋಗಿ ಬೆಂಗಳೂರಿನ ಆಸ್ಪತ್ರೆಗೆ ಬಂದಂತೆ. ಮೂರನೆಯದು, ಹೊರದೇಶದ ಸಂಸ್ಥೆ ಇಲ್ಲಿ ಬಂದು ಅಂಗಡಿ ಇಡುವುದು. ನಾಲ್ಕನೆಯದು, ಸೇವೆ ಕೊಡುವ ವ್ಯಕ್ತಿಯೇ ತಾತ್ಕಾಲಿಕವಾಗಿ ಗಡಿ ದಾಟುವುದು: ನರ್ಸ್, ಅಡುಗೆಯವ, ಎಂಜಿನಿಯರ್, ಲೆಕ್ಕಪರಿಶೋಧಕ.

ಸ್ವಾರಸ್ಯವೆಂದರೆ, 1986ರಲ್ಲಿ ಸೇವೆಗಳನ್ನು ವ್ಯಾಪಾರ ಒಪ್ಪಂದದೊಳಗೆ ತರುವುದನ್ನು ಬಲವಾಗಿ ವಿರೋಧಿಸಿದ ದೇಶಗಳಲ್ಲಿ ಬ್ರೆಜಿಲ್ ಜೊತೆಗೆ ಭಾರತವೇ ಮುಂದಿತ್ತು. ಶ್ರೀಮಂತ ದೇಶಗಳ ಬ್ಯಾಂಕು, ವಿಮೆ ಕಂಪೆನಿಗಳು ಒಳನುಗ್ಗುತ್ತವೆ ಎಂಬುದು ಆಗಿನ ಭಯ. ಆದರೆ ಅದರ ಹಿಂದಿನ ವರ್ಷ, 1985ರಲ್ಲಿ, ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದು, ಇಲ್ಲಿನ ಎಂಜಿನಿಯರುಗಳ ಕೆಲಸವನ್ನು ಉಪಗ್ರಹ ಸಂಪರ್ಕದ ಮೂಲಕ ಹೊರಗೆ ಕಳುಹಿಸುವ ದಾರಿ ಹಿಡಿದಿತ್ತು. ಹತ್ತು ಹದಿನೈದು ವರ್ಷಗಳಲ್ಲಿ ಭಾರತದ ನಿಲುವು ತಿರುಗಿತು. ತನ್ನ ತಂತ್ರಜ್ಞರಿಗೆ ವೀಸಾ ಕೊಡಿ, ಸೇವೆಗೆ ಗಡಿ ತೆರೆಯಿರಿ ಎಂದು ಶ್ರೀಮಂತ ದೇಶಗಳನ್ನು ಕೇಳುವ ಸರದಿ ಭಾರತದ್ದಾಯಿತು.

ಹಳೆಯ ದಾರಿ, ಹಳೆಯ ಸುಂಕ

ಪದ ಹೊಸದಾದರೂ ವ್ಯವಹಾರ ಹೊಸದಲ್ಲ. ಕರ್ನಾಟಕದ ಐಹೊಳೆಯನ್ನು ಮೂಲವೆಂದು ಹೇಳಿಕೊಳ್ಳುತ್ತಿದ್ದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ ಮಧ್ಯಯುಗದಲ್ಲಿ ದಕ್ಷಿಣ ಭಾರತವನ್ನೆಲ್ಲ ಸುತ್ತಿತ್ತು. ಅದರ ಶಾಸನಗಳು ಶ್ರೀಲಂಕಾದಲ್ಲಿವೆ. ಸುಮಾತ್ರಾ ದ್ವೀಪದ ಬಾರುಸ್ ಬಳಿ 1088ರ ತಮಿಳು ಶಾಸನವೂ ಸಿಕ್ಕಿದೆ. ಈ ಸಂಘದವರು ಸರಕನ್ನಷ್ಟೇ ಸಾಗಿಸಲಿಲ್ಲ. ಕಾವಲು ಪಡೆ ಇಟ್ಟುಕೊಂಡಿದ್ದರು, ಹೋದಲ್ಲೆಲ್ಲ ತಮ್ಮದೇ ಕಟ್ಟುಪಾಡುಗಳನ್ನು ನಡೆಸುತ್ತಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಸಾಗಣೆ, ಭದ್ರತೆ, ದಲ್ಲಾಳಿ ಎಲ್ಲವೂ ಒಂದೇ ಸೂರಿನಡಿ.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ ಇದೇ ಕೆಲಸವನ್ನು ಸರ್ಕಾರದ ಹೆಸರಿನಲ್ಲಿ ಮಾಡಲು ಹೊರಟ. ಒಮಾನಿನ ಮಸ್ಕತ್ ಹಾಗೂ ಕಛ್ ಪ್ರದೇಶದಲ್ಲಿ ಮೈಸೂರಿನ ‘ಕೋಠಿ’ಗಳು ತೆರೆದವು. ಅಲ್ಲಿ ಮೈಸೂರಿನ ಅಧಿಕಾರಿಗಳು ಕುಳಿತು ಗಂಧ, ಮೆಣಸು, ಏಲಕ್ಕಿಯ ಮಾರಾಟ ನೋಡಿಕೊಳ್ಳುತ್ತಿದ್ದರು. 1786ರಲ್ಲಿ ಆತ ಕಾನ್‌ಸ್ಟಾಂಟಿನೋಪಲಿಗೆ ಕಳುಹಿಸಿದ ನಿಯೋಗದ ಬೇಡಿಕೆಗಳಲ್ಲಿ ಒಂದು ಕುತೂಹಲಕರವಾದುದು: ತುರ್ಕರ ಬಸ್ರಾ ಬಂದರಿನ ಅನುಕೂಲ ಮೈಸೂರಿಗೆ ಸಿಗಬೇಕು, ಪ್ರತಿಯಾಗಿ ಮಂಗಳೂರು ಬಂದರಿನ ಅನುಕೂಲ ತುರ್ಕರಿಗೆ. ‘ನೀವು ಬಾಗಿಲು ತೆರೆದರೆ ನಾವೂ ತೆರೆಯುತ್ತೇವೆ’ ಎಂಬ ಕೊಡು-ಕೊಳ್ಳುವ ಸೂತ್ರ ಇಂದಿಗೂ ವ್ಯಾಪಾರ ಒಪ್ಪಂದಗಳ ತಿರುಳು. ಆ ಬೇಡಿಕೆ ಈಡೇರಲಿಲ್ಲ.

ಗಡಿಯ ಅಡ್ಡಿ ಹೊರದೇಶಗಳ ನಡುವೆ ಮಾತ್ರ ಇತ್ತೆಂದಲ್ಲ. ನೆಲಮಂಗಲ, ಹೊಸಕೋಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ಈ ನಾಲ್ಕೂ ಊರುಗಳು ಬೆಂಗಳೂರಿನಿಂದ ಹೊರಡುವ ಹೆದ್ದಾರಿಗಳ ಮೇಲೆ ಕುಳಿತಿವೆ. ಪುಣೆಯ ಕಡೆಗೆ ಒಂದು, ಮದರಾಸಿನ ಕಡೆಗೆ ಒಂದು, ಹಿಂದೂಪುರದ ಕಡೆಗೆ ಒಂದು, ಹೈದರಾಬಾದಿನ ಕಡೆಗೆ ಒಂದು. ಇಂಥ ದಾರಿಗಳಲ್ಲಿ ಎತ್ತಿನ ಗಾಡಿ, ಹೇರೆತ್ತುಗಳು ‘ಸಾಯರು’ ಎಂಬ ಸುಂಕ ತೆತ್ತು ಮುಂದೆ ಸಾಗಬೇಕಿತ್ತು. ಬೆಂಗಳೂರಿನ ‘ಸುಂಕದಕಟ್ಟೆ’ ಎಂಬ ಹೆಸರೂ, ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯೂ ಆ ಕಾಲವನ್ನು ನೆನಪಿಸುತ್ತವೆ. ಸರಕಿಗಷ್ಟೇ ಅಲ್ಲ, ಮದುವೆಗೆ, ಮಗು ಹುಟ್ಟಿದ್ದಕ್ಕೆ, ಹೆಸರಿಟ್ಟದ್ದಕ್ಕೆ, ತಲೆ ಬೋಳಿಸಿದ್ದಕ್ಕೂ ಮೈಸೂರು ಸೀಮೆಯಲ್ಲಿ ಒಂದೊಂದು ಕಡೆ ತೆರಿಗೆಯಿತ್ತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಆಡಳಿತ ಇಂಥ 769 ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿತು. ಪಕ್ಕದ ಮದರಾಸು ಪ್ರಾಂತದಲ್ಲಿ ಒಳನಾಡಿನ ಸಾಗಣೆ ಸುಂಕ 1844ರಲ್ಲಿ ರದ್ದಾಯಿತು. ಸ್ವತಂತ್ರ ಭಾರತದ ರಾಜ್ಯ ಗಡಿಗಳಲ್ಲಿ ಲಾರಿಗಳನ್ನು ನಿಲ್ಲಿಸುತ್ತಿದ್ದ ವಾಣಿಜ್ಯ ತೆರಿಗೆ ತಪಾಸಣಾ ಠಾಣೆಗಳು 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಮುಚ್ಚಿದವು. ಒಂದೇ ದೇಶದೊಳಗಿನ ಅಡ್ಡಗೋಡೆ ತೆಗೆಯಲು ಇಷ್ಟು ಕಾಲ ಬೇಕಾಯಿತು ಎಂಬುದನ್ನು ನೆನಪಿಟ್ಟುಕೊಂಡರೆ, ದೇಶ ದೇಶಗಳ ನಡುವಿನ ಕಷ್ಟ ಅರ್ಥವಾಗುತ್ತದೆ.

ನಂದಿಬೆಟ್ಟದ ಮಾತುಕತೆ

ಮತ್ತೆ 1986ಕ್ಕೆ ಬರೋಣ. ಬೆಂಗಳೂರಿನ ಶೃಂಗಸಭೆಗೆ ರಾಜೀವ್ ಗಾಂಧಿ ಆತಿಥೇಯರು. ಬಾಂಗ್ಲಾದೇಶದ ಎರ್ಷಾದ್, ಭೂತಾನದ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್, ಮಾಲ್ದೀವ್ಸ್‌ನ ಗಯೂಮ್, ನೇಪಾಳದ ದೊರೆ ಬೀರೇಂದ್ರ, ಪಾಕಿಸ್ತಾನದ ಪ್ರಧಾನಿ ಮಹಮ್ಮದ್ ಖಾನ್ ಜುನೇಜೊ ಮತ್ತು ಶ್ರೀಲಂಕಾದ ಜಯವರ್ಧನೆ ಬಂದಿದ್ದರು. ರಾಜ್ಯದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ಶ್ರೀಲಂಕಾದ ಜನಾಂಗೀಯ ಸಂಘರ್ಷದ ನೆರಳು ಸಭೆಯ ಮೇಲೆ ದಟ್ಟವಾಗಿತ್ತು. ಸಾರ್ಕ್‌ನ ನಿಯಮದಂತೆ ಎರಡು ದೇಶಗಳ ನಡುವಿನ ಜಗಳವನ್ನು ವೇದಿಕೆಯಲ್ಲಿ ಎತ್ತುವಂತಿರಲಿಲ್ಲ. ಆದ್ದರಿಂದಲೇ ಬೆಟ್ಟದ ಮೇಲಿನ ಅನೌಪಚಾರಿಕ ಮಾತಿಗೆ ಹೆಚ್ಚು ಬೆಲೆ.

ಸಾರ್ಕ್‌ನ ಸಚಿವಾಲಯವನ್ನು ಕಠ್ಮಂಡುವಿನಲ್ಲಿ ಸ್ಥಾಪಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಬೆಂಗಳೂರಿನಲ್ಲಿ. 1987ರ ಜನವರಿ 16ರಂದು ಅದು ಕಾರ್ಯಾರಂಭ ಮಾಡಿತು. ಬಾಂಗ್ಲಾದೇಶದ ಅಬುಲ್ ಅಹ್ಸಾನ್ ಮೊದಲ ಮಹಾ ಕಾರ್ಯದರ್ಶಿ. ಇದರ ಜೊತೆಗೆ ಬೆಂಗಳೂರು ಘೋಷಣೆ ಐದು ಹೊಸ ಯೋಜನೆಗಳನ್ನು ಒಪ್ಪಿಕೊಂಡಿತು: ರೇಡಿಯೊ ಮತ್ತು ದೂರದರ್ಶನ ಕಾರ್ಯಕ್ರಮಗಳ ವಿನಿಮಯ, ಪ್ರವಾಸಕ್ಕೆ ಉತ್ತೇಜನ, ಮಾಹಿತಿ ದಾಖಲೆಯ ಕೇಂದ್ರ, ವಿದ್ಯಾರ್ಥಿವೇತನ ಹಾಗೂ ಅಧ್ಯಯನ ಪೀಠಗಳು, ಯುವ ಸ್ವಯಂಸೇವಕರ ವಿನಿಮಯ.

ಈ ಪಟ್ಟಿಯನ್ನು ಇಂದು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪ್ರಸಾರ, ಪ್ರವಾಸ, ಮಾಹಿತಿ, ಶಿಕ್ಷಣ, ಕೆಲಸಕ್ಕಾಗಿ ಜನರ ಓಡಾಟ ಎಲ್ಲವೂ ಸೇವೆಗಳೇ! ವ್ಯಾಪಾರ ಎಂಬ ಶಬ್ದವನ್ನು ಬಳಸದೆಯೇ, ದಕ್ಷಿಣ ಏಷ್ಯದ ನಾಯಕರು ಸೇವೆಗಳ ಗಡಿ ದಾಟುವಿಕೆಯಿಂದಲೇ ತಮ್ಮ ಸಹಕಾರವನ್ನು ಆರಂಭಿಸಲು ಹೊರಟಿದ್ದರು. ಆದರೆ ಇವೆಲ್ಲ ಸರ್ಕಾರದಿಂದ ಸರ್ಕಾರಕ್ಕೆ ನಡೆಯುವ ಸೌಜನ್ಯದ ವಿನಿಮಯಗಳಾಗಿದ್ದವು. ಒಬ್ಬ ಸಾಮಾನ್ಯ ವೈದ್ಯ ಅಥವಾ ಲಾರಿ ಮಾಲೀಕ ಹಕ್ಕಿನಿಂದ ಕೇಳಿ ಪಡೆಯುವಂಥ ಅವಕಾಶ ಅದರಲ್ಲಿರಲಿಲ್ಲ.

ಸರಕು ಮುಂದೆ, ಸೇವೆ ಹಿಂದೆ

ಬಳಿಕ ಸಾರ್ಕ್ ಆರ್ಥಿಕ ಸಹಕಾರದ ಕಡೆ ಹೊರಳಿತು. ‘ವ್ಯಾಪಾರ, ಉತ್ಪಾದನೆ ಮತ್ತು ಸೇವೆ’ಗಳ ಕುರಿತ ಪ್ರಾದೇಶಿಕ ಅಧ್ಯಯನವೊಂದು 1991ರಲ್ಲಿ ಮುಗಿಯಿತು. ಹೆಸರಿನಲ್ಲಿ ಸೇವೆ ಇದ್ದರೂ ಕಾರ್ಯರೂಪಕ್ಕೆ ಬಂದದ್ದು ಸರಕಿನ ಒಪ್ಪಂದ. 1993ರ ಏಪ್ರಿಲ್ 11ರಂದು ಢಾಕಾದಲ್ಲಿ ಸಹಿಯಾದ ‘ಸಾಪ್ಟಾ’ 1995ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಅದರ ಮುಂದಿನ ಮೆಟ್ಟಿಲಾದ ‘ಸಾಫ್ಟಾ’ ಮುಕ್ತ ವ್ಯಾಪಾರ ಒಪ್ಪಂದಕ್ಕೆ 2004ರ ಜನವರಿ 6ರಂದು ಇಸ್ಲಾಮಾಬಾದಿನಲ್ಲಿ ಸಹಿ ಬಿತ್ತು, 2006ರ ಜನವರಿ 1ರಿಂದ ಜಾರಿಯಾಯಿತು. ಎರಡರಲ್ಲಿಯೂ ಸೇವೆಗೆ ಜಾಗವಿರಲಿಲ್ಲ.

ಜನರ ಓಡಾಟಕ್ಕೆ 1992ರಲ್ಲಿ ಸಾರ್ಕ್ ವೀಸಾ ವಿನಾಯಿತಿ ಯೋಜನೆ ಬಂತು. ನ್ಯಾಯಾಧೀಶರು, ಸಂಸದರು, ಹಿರಿಯ ಅಧಿಕಾರಿಗಳು, ಉದ್ಯಮಿಗಳು, ಪತ್ರಕರ್ತರು, ಕ್ರೀಡಾಪಟುಗಳು ಹೀಗೆ 24 ವರ್ಗದವರಿಗೆ ಪಾಸ್‌ಪೋರ್ಟಿನ ಮೇಲೆ ವಿಶೇಷ ಚೀಟಿ. ಗಣ್ಯರಿಗೆ ದಾರಿ ಸುಗಮವಾಯಿತು. ನರ್ಸಿಗೂ ಮೆಕ್ಯಾನಿಕ್ಕಿಗೂ ಹಳೆಯ ಸಾಲೇ ಗತಿಯಾಯಿತು.

ಕೊನೆಗೂ ಸೇವೆಗಳ ಸರದಿ ಬಂದದ್ದು 2010ರ ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗೆ, 2007ರಲ್ಲಿ, ಆಫ್ಘಾನಿಸ್ತಾನವೂ ಸೇರಿ ಸದಸ್ಯರ ಸಂಖ್ಯೆ ಎಂಟಾಗಿತ್ತು. ಭೂತಾನದ ರಾಜಧಾನಿ ಥಿಂಪುವಿನಲ್ಲಿ ನಡೆದ 16ನೇ ಶೃಂಗಸಭೆಯಲ್ಲಿ ‘ಸಾರ್ಕ್ ಸೇವಾ ವ್ಯಾಪಾರ ಒಪ್ಪಂದ’ಕ್ಕೆ ಸಹಿ ಹಾಕಲಾಯಿತು. 2012ರ ನವೆಂಬರ್ 29ರಂದು ಅದು ಜಾರಿಗೆ ಬಂತು. ನಂದಿಬೆಟ್ಟದಿಂದ ಥಿಂಪುವಿಗೆ ಬರಲು ಕಾಲು ಶತಮಾನವೇ ಹಿಡಿಯಿತೆನ್ನಬೇಕು.

ಒಪ್ಪಂದದ ವಿಧಾನ ಸರಳ. ಪ್ರತಿ ದೇಶವೂ ತಾನು ತೆರೆಯಲು ಸಿದ್ಧವಿರುವ ಸೇವೆಗಳ ಪಟ್ಟಿಯನ್ನು ಕೊಡಬೇಕು. ಪಟ್ಟಿಯಲ್ಲಿ ಇರುವುದಷ್ಟೇ ತೆರೆದಂತೆ, ಇಲ್ಲದ್ದು ಮುಚ್ಚಿದಂತೆ. ನೆರೆಯವರು ‘ಇದನ್ನೂ ಸೇರಿಸಿ’ ಎಂದು ಬೇಡಿಕೆ ಇಡಬಹುದು. ಅದಕ್ಕೆ ಉತ್ತರವಾಗಿ ಹೊಸ ಕೊಡುಗೆ ಮುಂದಿಡಬೇಕು. ಅತಿ ಹಿಂದುಳಿದ ದೇಶಗಳಿಗೆ ರಿಯಾಯಿತಿ ಉಂಟು. ಸರ್ಕಾರ ತನ್ನ ಅಧಿಕಾರದಿಂದ ನೀಡುವ ಸೇವೆಗಳು ಒಪ್ಪಂದದ ಹೊರಗೆ. ಆದರೆ ಈ ಪಟ್ಟಿಗಳೇ ಅಂತಿಮವಾಗಲಿಲ್ಲ. ಒಪ್ಪಂದ ಜಾರಿಯಲ್ಲಿದೆ, ಅದರ ಹೊಟ್ಟೆಯಲ್ಲಿ ಇರಬೇಕಾದ ತಿರುಳು ಇಲ್ಲ. 2014ರ ನವೆಂಬರ್‌ನ ಕಠ್ಮಂಡು ಸಭೆಯ ನಂತರ ಸಾರ್ಕ್ ಶೃಂಗಸಭೆಯೇ ನಡೆದಿಲ್ಲ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ನಡೆಯಬೇಕಿದ್ದ ಸಭೆ ಉರಿ ದಾಳಿಯ ನಂತರ ರದ್ದಾಯಿತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ಬೆನ್ನಲ್ಲೇ, ಸಾರ್ಕ್ ವೀಸಾ ವಿನಾಯಿತಿಯಡಿ ಪಾಕಿಸ್ತಾನಿ ಪ್ರಜೆಗಳ ಪ್ರವೇಶವನ್ನು ಭಾರತ ನಿಲ್ಲಿಸಿತು.

ಯಾಕೆ ಹೀಗಾಯಿತು?

ಭಾರತ–ಪಾಕಿಸ್ತಾನ ವೈಷಮ್ಯವನ್ನೇ ಎಲ್ಲದಕ್ಕೂ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಬೇರೆ ಕಾರಣಗಳೂ ಇವೆ. ಸರಕಿನ ಗಡಿ ತೆರೆಯುವುದೆಂದರೆ ಸುಂಕದ ದರ ಇಳಿಸುವುದು; ಒಂದು ಅಧಿಸೂಚನೆಯಲ್ಲಿ ಕೆಲಸ ಮುಗಿಯುತ್ತದೆ. ಸೇವೆಯ ಗಡಿ ಇರುವುದು ಸುಂಕದ ಕಟ್ಟೆಯಲ್ಲಲ್ಲ, ದೇಶದೊಳಗಿನ ಕಾನೂನುಗಳಲ್ಲಿ. ವೈದ್ಯರ ನೋಂದಣಿ ವೈದ್ಯಕೀಯ ಪರಿಷತ್ತಿನ ಕೈಯಲ್ಲಿ, ವಕೀಲರದ್ದು ವಕೀಲರ ಪರಿಷತ್ತಿನ ಕೈಯಲ್ಲಿ, ಬ್ಯಾಂಕು ರಿಸರ್ವ್ ಬ್ಯಾಂಕಿನ ಕೈಯಲ್ಲಿ, ವೀಸಾ ಗೃಹ ಇಲಾಖೆಯ ಕೈಯಲ್ಲಿ. ವಾಣಿಜ್ಯ ಸಚಿವರು ಒಪ್ಪಿ ಸಹಿ ಹಾಕಿದರೂ ಇವರೆಲ್ಲ ಒಪ್ಪಬೇಕು.

ಎರಡನೆಯದು ದೊಡ್ಡಣ್ಣನ ಭಯ. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ 1998ರ ಡಿಸೆಂಬರ್‌ನಲ್ಲಿ ಸಹಿಯಾಗಿ 2000ದ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದು ಸರಕಿಗೆ ಮಾತ್ರ. ಸೇವೆಯನ್ನೂ ಸೇರಿಸುವ ವಿಸ್ತೃತ ಒಪ್ಪಂದ ಸಿದ್ಧವಾಗಿ, 2008ರಲ್ಲಿ ಕೊಲಂಬೊದ ಸಾರ್ಕ್ ಸಭೆಯ ವೇಳೆಗೆ ಸಹಿಯಾಗಬೇಕಿತ್ತು. ಭಾರತದ ವೈದ್ಯರು, ತಂತ್ರಜ್ಞರು, ಕೆಲಸಗಾರರು ಬಂದು ತುಂಬಿಕೊಳ್ಳುತ್ತಾರೆ ಎಂಬ ಆತಂಕ ಅಲ್ಲಿನ ವೃತ್ತಿಪರರಲ್ಲಿ ಎದ್ದು, ಒಪ್ಪಂದ ಮೂಲೆ ಸೇರಿತು. ಬೆಂಗಳೂರಿನ ತಂತ್ರಾಂಶ ಕಂಪೆನಿಗಳ ಕೀರ್ತಿ ಇಲ್ಲಿನವರಿಗೆ ಹೆಮ್ಮೆಯಾದರೆ, ಎರಡು ಕೋಟಿ ಚಿಲ್ಲರೆ ಜನರಿರುವ ದ್ವೀಪಕ್ಕೆ ಅದೇ ಭಯದ ಮೂಲ. 1986ರಲ್ಲಿ ಅಮೆರಿಕದ ಬ್ಯಾಂಕುಗಳನ್ನು ಕಂಡು ಭಾರತ ಪಟ್ಟ ಭಯವೂ ಇದೇ ಬಗೆಯದಲ್ಲವೇ?

ಮೂರನೆಯದು ಸಾಗಣೆ. ಭಾರತದ ಪೆಟ್ರಾಪೋಲ್ ಮತ್ತು ಬಾಂಗ್ಲಾದೇಶದ ಬೆನಾಪೋಲ್ ಗಡಿಯನ್ನು ಸರಕು ದಾಟಲು 138 ಗಂಟೆ ಬೇಕೆಂದು 2021ರಲ್ಲಿ ವಿಶ್ವ ಬ್ಯಾಂಕ್ ಲೆಕ್ಕ ಹಾಕಿತು. ಅದರಲ್ಲಿ 28 ಗಂಟೆ ಒಂದು ಲಾರಿಯಿಂದ ಇಳಿಸಿ ಇನ್ನೊಂದು ಲಾರಿಗೆ ತುಂಬುವುದಕ್ಕೇ ಹೋಗುತ್ತಿತ್ತು. ಬಾಂಗ್ಲಾದೇಶ, ಭೂತಾನ, ಭಾರತ, ನೇಪಾಳ ಈ ನಾಲ್ಕು ದೇಶಗಳ ವಾಹನಗಳು ಗಡಿ ದಾಟಿ ಓಡಾಡಲು 2015ರ ಜೂನ್ 15ರಂದು ಥಿಂಪುವಿನಲ್ಲಿಯೇ ಒಪ್ಪಂದವಾಯಿತು. ಹೊರಗಿನ ವಾಹನಗಳ ದಟ್ಟಣೆಗೆ ಹೆದರಿ ಭೂತಾನದ ಸಂಸತ್ತಿನ ಮೇಲ್ಮನೆ ಅದನ್ನು ಒಪ್ಪಲಿಲ್ಲ.

ದೇವನಹಳ್ಳಿ ಹಿಡಿದ ಬೇರೆ ದಾರಿ

ಇತ್ತ ಗ್ರಾಮಾಂತರ ಜಿಲ್ಲೆಯಲ್ಲಿ ಕಥೆ ಬೇರೆಯಾಯಿತು. ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣಕ್ಕೆ ಸುಮಾರು 4,000 ಎಕರೆ ಜಾಗ ಗೊತ್ತುಮಾಡಲಾಯಿತು. ಅದನ್ನು ಕಟ್ಟಿ ನಡೆಸಲು ಬಂದ ಕೂಟದಲ್ಲಿ ಜರ್ಮನಿಯ ಸೀಮೆನ್ಸ್, ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ವಿಮಾನ ನಿಲ್ದಾಣ ಸಂಸ್ಥೆ ಮತ್ತು ಭಾರತದ ಎಲ್ ಅಂಡ್ ಟಿ ಇದ್ದವು. ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ ಹಾಗೂ ರಾಜ್ಯದ ಉದ್ಯಮ ನಿಗಮಕ್ಕೆ ತಲಾ ಶೇ 13 ಪಾಲು. 2008ರ ಮೇ 24ರಂದು ವಿಮಾನಗಳು ಹಾರಿದವು. 2013ರಲ್ಲಿ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂತು; ಅವರ ಪೂರ್ವಿಕರು ಬಂದು ನೆಲೆಸಿದ ಆವತಿ ಗ್ರಾಮ ಇದೇ ದೇವನಹಳ್ಳಿ ತಾಲ್ಲೂಕಿನಲ್ಲಿದೆ. ಹೊರದೇಶದ ಸಂಸ್ಥೆ ಬಂದು ಇಲ್ಲಿ ಅಂಗಡಿ ಇಡುವ ಮೂರನೇ ದಾರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. 2024ರ ಜನವರಿಯಲ್ಲಿ ಬೋಯಿಂಗ್ ಕಂಪೆನಿ ಹತ್ತಿರದಲ್ಲೇ 43 ಎಕರೆಯ ಎಂಜಿನಿಯರಿಂಗ್ ಕೇಂದ್ರ ತೆರೆಯಿತು. ಇಲ್ಲಿ ಮಾಡಿದ ವಿನ್ಯಾಸ ಅಮೆರಿಕದ ವಿಮಾನಕ್ಕೆ ಸೇರಿದರೆ ಅದು ಮೊದಲನೇ ದಾರಿ.

ನೆರೆಯವರೊಂದಿಗೂ ಸೇವೆಗಳು ದಾಟುತ್ತಿಲ್ಲವೆಂದಲ್ಲ. ಆದರೆ ಸಾರ್ಕ್ ಒಪ್ಪಂದದ ಹೊರಗಿನಿಂದ. 1950ರ ಭಾರತ–ನೇಪಾಳ ಒಪ್ಪಂದ ಎರಡೂ ದೇಶದವರಿಗೆ ಪರಸ್ಪರರ ನೆಲದಲ್ಲಿ ವಾಸ, ದುಡಿಮೆ, ವ್ಯಾಪಾರದ ಹಕ್ಕು ಕೊಟ್ಟಿತ್ತು. ಬೆಂಗಳೂರಿನ ಹೋಟೆಲು, ಕಾವಲು ಕೆಲಸಗಳಲ್ಲಿ ನೇಪಾಳದವರು ಕಾಣುವುದು ಆ ಹಕ್ಕಿನಿಂದಲೇ. ಭಾರತಕ್ಕೆ ಓದಲು ಬರುವ ವಿದೇಶಿ ವಿದ್ಯಾರ್ಥಿಗಳಲ್ಲಿ ನೇಪಾಳದವರೇ ಹೆಚ್ಚು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೊ 2017ರ ಮೇ 5ರಂದು ಹಾರಿಸಿದ ದಕ್ಷಿಣ ಏಷ್ಯ ಉಪಗ್ರಹ ನೆರೆದೇಶಗಳಿಗೆ ಸಂಪರ್ಕ ಸೇವೆಗಾಗಿ ರೂಪಿಸಿದ್ದು. ಪಾಕಿಸ್ತಾನ ಅದರಿಂದ ಹೊರಗುಳಿಯಿತು. ಭಾರತದ ಯುಪಿಐ ಹಣ ಪಾವತಿ 2021ರಲ್ಲಿ ಭೂತಾನಕ್ಕೆ, 2024ರಲ್ಲಿ ಶ್ರೀಲಂಕಾಕ್ಕೆ ಹೋಯಿತು.

ಇಂಥ ಏರ್ಪಾಡುಗಳ ದೌರ್ಬಲ್ಯ ಎಲ್ಲಿದೆ ಎಂಬುದನ್ನು 2024 ತೋರಿಸಿಕೊಟ್ಟಿತು. ಭಾರತಕ್ಕೆ ಚಿಕಿತ್ಸೆಗೆ ಬರುವ ವಿದೇಶಿಯರಲ್ಲಿ ಬಾಂಗ್ಲಾದೇಶೀಯರದ್ದೇ ದೊಡ್ಡ ಪಾಲು. ಆ ವರ್ಷದ ಆಗಸ್ಟ್ 5ರಂದು ಶೇಖ್ ಹಸೀನಾ ಸರ್ಕಾರ ಉರುಳಿದ ಮೇಲೆ ಭಾರತದ ವೀಸಾ ನೀಡಿಕೆ ಬಹಳವಾಗಿ ತಗ್ಗಿತು. ರೋಗ ರಾಜಕೀಯವನ್ನು ಕಾಯುವುದಿಲ್ಲ. ಪಟ್ಟಿಯಲ್ಲಿ ಬರೆದು ಕೊಟ್ಟ ಬದ್ಧತೆ ಇದ್ದಿದ್ದರೆ ರೋಗಿಗೆ ಕೇಳಲು ಒಂದು ಆಧಾರವಾದರೂ ಇರುತ್ತಿತ್ತು. ಕೃಪೆಯಿಂದ ತೆರೆದ ಬಾಗಿಲು ಮುನಿಸಿನಿಂದ ಮುಚ್ಚಬಹುದು.

ಲಾಭ ಯಾರಿಗೆ?

ಸೇವೆಗೆ ಬಾಗಿಲು ತೆರೆದರೆ ಸಾಲದು. ಅದರ ಫಲ ಯಾರಿಗೆ ಎಂಬ ಪ್ರಶ್ನೆಯನ್ನೂ ಕೇಳಬೇಕು. ಈ ಜಿಲ್ಲೆಗೆ ಆ ಪ್ರಶ್ನೆ ಹೊಸದಲ್ಲ. ವಿಮಾನ ನಿಲ್ದಾಣದ ಸುತ್ತಲಿನ ರಾಗಿ ಹೊಲ, ದ್ರಾಕ್ಷಿ ತೋಟಗಳ ಬೆಲೆ ಏರಿತು, ಭೂಸ್ವಾಧೀನದ ನೋಟಿಸುಗಳೂ ಬಂದವು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಜಮೀನನ್ನು ಉಳಿಸಿಕೊಳ್ಳಲು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ರಾಜ್ಯ ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಅದೇ ತಿಂಗಳ 2ರಂದು, 1986ರಲ್ಲಿ ಏಳು ದೇಶಗಳ ನಾಯಕರು ಮಾತನಾಡಿದ್ದ ನಂದಿಬೆಟ್ಟದ ಮೇಲೆ ಸೇರಿದ ಸಚಿವ ಸಂಪುಟ, ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ನಿರ್ಧರಿಸಿತ್ತು. ಹೆಸರಿನಿಂದ ಗ್ರಾಮಾಂತರ ಹೋಗಬಹುದು. ಗ್ರಾಮದವರು ಎಲ್ಲಿ ಹೋಗಬೇಕು?

ಅವರ ಮಕ್ಕಳು ಹೊಲದಿಂದ ಹೊರಬಂದು ಹುಡುಕುವುದು ಸೇವಾ ವಲಯದ ಕೆಲಸವನ್ನೇ: ನರ್ಸಿಂಗ್, ವಾಹನ ಚಾಲನೆ, ಹೋಟೆಲು, ವಿಮಾನ ದುರಸ್ತಿ, ಲೆಕ್ಕಪತ್ರ. ದೂರದ ದೇಶಗಳ ಬಾಗಿಲು ದಾಟಲು ದೊಡ್ಡ ಪದವಿ, ದೊಡ್ಡ ಖರ್ಚು ಬೇಕು. ನೆರೆಯ ದೇಶಗಳ ಮಾರುಕಟ್ಟೆ ಹತ್ತಿರದ್ದು, ಅಗ್ಗದ್ದು, ಅಭ್ಯಾಸಗಳಲ್ಲಿ ನಮ್ಮದನ್ನೇ ಹೋಲುವಂಥದು. ಆದರೂ ದಕ್ಷಿಣ ಏಷ್ಯದ ದೇಶಗಳು ತಮ್ಮೊಳಗೆ ನಡೆಸುವ ವ್ಯಾಪಾರ ಅವುಗಳ ಒಟ್ಟು ವ್ಯಾಪಾರದ ಸುಮಾರು ಶೇ 5ರಷ್ಟು ಮಾತ್ರ. ಆಗ್ನೇಯ ಏಷ್ಯದ ಆಸಿಯಾನ್ ದೇಶಗಳಲ್ಲಿ ಅದು ಕಾಲು ಭಾಗದ ಆಸುಪಾಸಿನಲ್ಲಿದೆ.

ಮುಂದಿನ ಹೆಜ್ಜೆಗೆ ಹೊಸ ಒಪ್ಪಂದವೇನೂ ಬೇಕಿಲ್ಲ. ಎಂಟು ದೇಶಗಳೂ ಒಟ್ಟಿಗೆ ಒಪ್ಪುವವರೆಗೆ ಕಾಯದೆ, ಒಪ್ಪುವ ಎರಡು ಮೂರು ದೇಶಗಳು ಮೊದಲು ನರ್ಸಿಂಗ್, ಎಂಜಿನಿಯರಿಂಗ್‌ನಂಥ ಕೆಲವು ಪದವಿಗಳನ್ನು ಪರಸ್ಪರ ಮಾನ್ಯ ಮಾಡಬಹುದು. ರೋಗಿ ಮತ್ತು ವಿದ್ಯಾರ್ಥಿಯ ವೀಸಾವನ್ನು ರಾಜಕೀಯದ ಏರಿಳಿತದಿಂದ ಬೇರ್ಪಡಿಸಬಹುದು. ಹಿರಿಯ ದೇಶವಾದ ಭಾರತ ತಾನು ಕೇಳುವುದಕ್ಕಿಂತ ಹೆಚ್ಚು ಕೊಟ್ಟು ಚಿಕ್ಕ ದೇಶಗಳ ಭಯ ಕಳೆಯಬಹುದು. ಕಬ್ಬನ್ ಕಾಲದ 769 ತೆರಿಗೆಗಳೂ ಒಂದೇ ದಿನ ಹೋದವಲ್ಲ. ಥಿಂಪುವಿನ ಒಪ್ಪಂದದ ಕಾಗದ ಇನ್ನೂ ಊರ್ಜಿತದಲ್ಲಿದೆ. ತುಂಬಬೇಕಾದ ಪಟ್ಟಿಗಳು ಮಾತ್ರ ಖಾಲಿ ಉಳಿದಿವೆ.